ಕ್ಯಾಪ್ಟನ್ ಒಂದೇ ಒಂದು ನಿಮಿಷ ಆಡಿದರೆ?

ಆಗಸ್ಟ್‌ನಿಂದ ಮೇ ತಿಂಗಳ ತನಕ ನಮ್ಮ ಟಪಾಲಿನಲ್ಲಿ ಒಂದು ಜಾತಿಯ ಪತ್ರ ತಪ್ಪದೇ ಬರುತ್ತದೆ. ಪ್ರೀಮಿಯರ್ ಲೀಗ್ ಫುಟ್ಬಾಲ್ ನಡೆಯೋದು ಇಂಗ್ಲೆಂಡಿನಲ್ಲಿ, ಜಗಳ ಹತ್ತಿಕೊಳ್ಳೋದು ದಾವಣಗೆರೆಯಲ್ಲಿ, ಬಸವನಗುಡಿಯಲ್ಲಿ. ಎಲ್ಲ ಫ್ಯಾಂಟಸಿ ಪ್ರೀಮಿಯರ್ ಲೀಗ್‌ನ ಕೃಪೆ. ಈ ಸಲದ ಪ್ರಶ್ನೋತ್ತರ ಪೂರ್ತಿ ಅದಕ್ಕೇ ಮೀಸಲು.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಲೆಕ್ಕಕ್ಕೆ ಮಾತ್ರ ಇರುವ 10 ಕೋಟಿ ಪೌಂಡ್ ನಿಮ್ಮ ಕೈಗೆ ಕೊಡುತ್ತಾರೆ. ಅದರಲ್ಲಿ 15 ಆಟಗಾರರನ್ನು ಕೊಳ್ಳಬೇಕು: 2 ಗೋಲ್‌ಕೀಪರ್, 5 ಡಿಫೆಂಡರ್, 5 ಮಿಡ್‌ಫೀಲ್ಡರ್, 3 ಫಾರ್ವರ್ಡ್. ಒಂದೇ ಕ್ಲಬ್ಬಿನಿಂದ ಮೂವರಿಗಿಂತ ಜಾಸ್ತಿ ಇರುವಂತಿಲ್ಲ. ಪ್ರತಿ ಸುತ್ತಿಗೆ 11 ಮಂದಿಯನ್ನು ಇಳಿಸಬೇಕು, ಒಬ್ಬನನ್ನು ಕ್ಯಾಪ್ಟನ್ ಮಾಡಿದರೆ ಅವನ ಪಾಯಿಂಟ್ ಎರಡರಷ್ಟು. ಉಳಿದ ನಾಲ್ವರು ಬೆಂಚಿನಲ್ಲಿ, ಇಳಿಸಿದವನು ಆಡದಿದ್ದರೆ ಅವರಲ್ಲೊಬ್ಬ ಒಳಬರುತ್ತಾನೆ. ನಿಜವಾದ ಮ್ಯಾಚ್‌ನಲ್ಲಿ ಅವರು ಹೇಗೆ ಆಡಿದರೋ ಅದರ ಮೇಲೆ ನಿಮ್ಮ ಅಂಕ. ಆಡಲು ಕಾಸು ಕೊಡಬೇಕಿಲ್ಲ. 2002ರಲ್ಲಿ ಶುರುವಾದ ಈ ಆಟವನ್ನು ಈಗ ಜಗತ್ತಿನಲ್ಲಿ ಒಂದು ಕೋಟಿಗೂ ಜಾಸ್ತಿ ಜನ ಆಡುತ್ತಾರೆ. ಆ ಕೋಟಿ ಜನರಲ್ಲಿ ನೀವು ಎಷ್ಟನೆಯವರು ಅಂತ ಯಾರೂ ಕೇಳಲ್ಲ. ಎಂಟ್ಹತ್ತು ಜನರ ಮಿನಿ ಲೀಗ್‌ನಲ್ಲಿ ಭಾವಮೈದನಿಗಿಂತ ಮೇಲಿದ್ದೀರಾ ಕೆಳಗಿದ್ದೀರಾ, ಅದೊಂದೇ ಪ್ರಶ್ನೆ.

ಪ್ರಶ್ನೆ: ಹೋದ ವಾರ ನನ್ನ ಕ್ಯಾಪ್ಟನ್ 89ನೇ ನಿಮಿಷಕ್ಕೆ ಮೈದಾನಕ್ಕಿಳಿದ. ಚೆಂಡು ಮುಟ್ಟಿದನೋ ಇಲ್ಲವೋ ದೇವರೇ ಬಲ್ಲ. ಸಿಕ್ಕಿದ್ದು 1 ಪಾಯಿಂಟ್, ಡಬಲ್ ಆಗಿ 2. ವೈಸ್ ಕ್ಯಾಪ್ಟನ್ ಅದೇ ವಾರ 13 ತಂದಿದ್ದ. ಇಂಥವನನ್ನು ‘ಆಡಿದ’ ಅಂತ ಲೆಕ್ಕ ಹಿಡಿಯೋದು ಯಾವ ನ್ಯಾಯ ಸ್ವಾಮಿ? ನಮ್ಮ ಲೀಗ್‌ನಲ್ಲಾದರೂ ಹತ್ತು ನಿಮಿಷಕ್ಕಿಂತ ಕಡಿಮೆ ಆಡಿದವನನ್ನು ಆಡಿಲ್ಲ ಅಂತಲೇ ಹಿಡಿಯೋಣ ಅಂದೆ. ಎಲ್ಲರೂ ನಗುತ್ತಿದ್ದಾರೆ.
– ನೊಂದ ಮ್ಯಾನೇಜರ್, ಮೈಸೂರು

ಉತ್ತರ: ನಗದೇ ಇನ್ನೇನು ಮಾಡುತ್ತಾರೆ, ಅವರ ಕ್ಯಾಪ್ಟನ್ 90 ನಿಮಿಷ ಆಡಿದ್ದಾನಲ್ಲ. ನಿಯಮದಲ್ಲಿ ಗೊಂದಲ ಇಲ್ಲ. ಕ್ಯಾಪ್ಟನ್ ಒಂದು ನಿಮಿಷವೂ ಆಡದಿದ್ದರೆ ಮಾತ್ರ ವೈಸ್ ಕ್ಯಾಪ್ಟನ್‌ಗೆ ಪಟ್ಟ. 60 ನಿಮಿಷಕ್ಕಿಂತ ಕಡಿಮೆ ಆಡಿದವನಿಗೆ 1 ಪಾಯಿಂಟ್, 60 ಮುಟ್ಟಿದರೆ 2. ನಿಮ್ಮ ಹೊಟ್ಟೆಯುರಿ ನಮಗೂ ಅರ್ಥವಾಗುತ್ತದೆ, ಯಾಕೆಂದರೆ ಆ ಮಹಾನುಭಾವ ಬೆಂಚಿನಿಂದ ಏಳದೇ ಇದ್ದಿದ್ದರೆ ಇಬ್ಬರಿಂದ ಸೇರಿ ಬಂದ 15ರ ಜಾಗದಲ್ಲಿ ವೈಸ್ ಕ್ಯಾಪ್ಟನ್ ಒಬ್ಬನಿಂದಲೇ 26 ಬರುತ್ತಿತ್ತು, ಮೇಲೆ ಬೆಂಚಿನಿಂದ ಒಳಬರುವವನ ಪಾಯಿಂಟ್ ಬೇರೆ. ಈ ಆಟದಲ್ಲಿ ಆಟಗಾರ ಆಡದೇ ಇರೋದಕ್ಕಿಂತ ಕೆಟ್ಟದ್ದು ಅಂದರೆ ಕೊನೇ ಗಳಿಗೆಯಲ್ಲಿ ಮುಖ ತೋರಿಸಿ ಹೋಗೋದು. ಆಡುವವರು ಇದನ್ನು ‘ಕ್ಯಾಮಿಯೋ’ ಅಂತ ಶಪಿಸುತ್ತಾರೆ.

ಆದರೆ ವಿನಾಯಿತಿ ಮಾತ್ರ ಕೇಳಬೇಡಿ. ಕಂಪ್ಯೂಟರ್ ಕೊಟ್ಟ ಪಾಯಿಂಟನ್ನು ಗೆಳೆಯರ ಗುಂಪಿನಲ್ಲಿ ಮತ್ತೆ ತಿದ್ದಲು ಹೊರಟರೆ ಅಲ್ಲಿಗೆ ಲೀಗ್ ಮುಗಿಯಿತು ಅಂತಲೇ ಲೆಕ್ಕ. ಇವತ್ತು ನಿಮಗೆ ಹತ್ತು ನಿಮಿಷದ ವಿನಾಯಿತಿ, ನಾಳೆ ಇನ್ನೊಬ್ಬರಿಗೆ ‘ರೆಫರಿ ಕೊಟ್ಟ ರೆಡ್ ಕಾರ್ಡ್ ತಪ್ಪು’ ಅನ್ನೋ ಅರ್ಜಿ. ಯಾರೋ ಒಬ್ಬರು ಎಕ್ಸೆಲ್ ಶೀಟ್ ತೆರೆದು ‘ನಿಜವಾದ ಅಂಕಪಟ್ಟಿ’ ಅಂತ ಬೇರೆ ಇಟ್ಟುಕೊಳ್ಳುತ್ತಾರೆ. ಬೇಡ. ಮುಂದಿನ ಸಲ ಕ್ಯಾಪ್ಟನ್ ಆರಿಸುವ ಮುಂಚೆ ಅವನು ಬುಧವಾರ ರಾತ್ರಿ ಚಾಂಪಿಯನ್ಸ್ ಲೀಗ್‌ನಲ್ಲಿ ಪೂರ್ತಿ ಆಡಿದ್ದಾನಾ ನೋಡಿಕೊಳ್ಳಿ. ಶನಿವಾರ ಬೆಂಚಿನಲ್ಲಿ ಕೂರೋದು ಹೆಚ್ಚಾಗಿ ಅಂಥವರೇ.

ಪ್ರಶ್ನೆ: ನನಗೆ ಆಫ್‌ಸೈಡ್ ಅಂದರೆ ಏನೂಂತ ಈಗಲೂ ಸರಿಯಾಗಿ ಗೊತ್ತಿಲ್ಲ. ನಮ್ಮ ಮನೆಯವರ ಬಲವಂತಕ್ಕೆ 2024-25ರಲ್ಲಿ ಸೇರಿಕೊಂಡೆ. ಮೊಹಮ್ಮದ್ ಸಲಾಹ್‌ನ ಮೊದಲ ವಾರ ತಗೊಂಡೆ, ಮಾರಲೇ ಇಲ್ಲ, ಹೆಚ್ಚಿನ ವಾರ ಅವನೇ ಕ್ಯಾಪ್ಟನ್. ಸೀಸನ್ ಮುಗಿದಾಗ ಇವರಿಗಿಂತ ಮೇಲಿದ್ದೆ. ಇವರು ಇವತ್ತಿಗೂ ‘ಅದು ಲಕ್, ನಿನಗೆ ಆಟ ಗೊತ್ತಿಲ್ಲ’ ಅಂತಾರೆ. ಲಕ್ಕಾ?
– ಗೃಹಿಣಿ, ಶಿವಮೊಗ್ಗ

ಉತ್ತರ: ಆ ಸೀಸನ್‌ನಲ್ಲಿ ಸಲಾಹ್ ತಂದದ್ದು 344 ಪಾಯಿಂಟ್. ಈ ಆಟದ ಚರಿತ್ರೆಯಲ್ಲೇ ಒಬ್ಬ ಆಟಗಾರ ಒಂದು ಸೀಸನ್‌ನಲ್ಲಿ ಅಷ್ಟು ತಂದದ್ದಿಲ್ಲ. ಹಳೆಯ ದಾಖಲೆಯೂ ಅವನದೇ, 2017-18ರ 303. ಅವನನ್ನು ಮೊದಲ ವಾರ ತಗೊಂಡು ಸುಮ್ನೆ ಕೂತದ್ದು ನಿಮ್ಮ ನಿರ್ಧಾರ. ನಿಮ್ಮ ಯಜಮಾನರು ಏನು ಮಾಡಿದರು ಅಂತ ನೀವು ಬರೆದಿಲ್ಲ, ಆದರೂ ಊಹಿಸಬಹುದು. ‘ಈ ವಾರ ಅವನಿಗೆ ಕಷ್ಟದ ಮ್ಯಾಚ್’ ಅಂತ ಮಾರಿದ್ದಾರೆ, ಎರಡು ವಾರ ಬಿಟ್ಟು ಜಾಸ್ತಿ ಬೆಲೆಗೆ ವಾಪಸ್ ಕೊಂಡಿದ್ದಾರೆ, ಅದಕ್ಕೆ ಮೈನಸ್ 4 ಬೇರೆ ತೆತ್ತಿದ್ದಾರೆ. ವಾರಕ್ಕೆ ಒಂದು ಬದಲಾವಣೆ ಪುಕ್ಕಟೆ, ಉಳಿಸಿಕೊಂಡರೆ ಐದರ ತನಕ ಕೂಡಿಹಾಕಬಹುದು, ಅದನ್ನೂ ಮೀರಿದರೆ ಪ್ರತಿಯೊಂದಕ್ಕೂ 4 ಪಾಯಿಂಟ್ ಕಡಿತ. ಆಟ ತುಂಬಾ ಗೊತ್ತಿರುವವರು ಕೈಸುಟ್ಟುಕೊಳ್ಳೋದು ಇಲ್ಲೇ. ಕೈ ಸುಮ್ಮನಿರಲ್ಲ.

ಅವರು ಇನ್ನೂ ಲಕ್ ಅಂದರೆ ಮ್ಯಾಗ್ನಸ್ ಕಾರ್ಲ್‌ಸನ್ ಹೆಸರು ಹೇಳಿ. 2013ರಲ್ಲಿ ಚೆನ್ನೈನಲ್ಲಿ ನಮ್ಮ ವಿಶ್ವನಾಥನ್ ಆನಂದ್ ಅವರನ್ನು ಸೋಲಿಸಿದ ಅದೇ ಚೆಸ್ ಚಾಂಪಿಯನ್. 2019ರ ಡಿಸೆಂಬರ್‌ನಲ್ಲಿ ಆತ ಈ ಆಟದ ಇಡೀ ಜಗತ್ತಿನ ಪಟ್ಟಿಯಲ್ಲಿ ಸ್ವಲ್ಪ ಕಾಲ ಒಂದನೇ ಸ್ಥಾನದಲ್ಲಿದ್ದರು. 70 ಲಕ್ಷಕ್ಕೂ ಜಾಸ್ತಿ ಜನ ಆಡಿದ ಆ ಸೀಸನ್ನನ್ನು 10ನೇ ಸ್ಥಾನದಲ್ಲಿ ಮುಗಿಸಿದರು. ಬರೀ ಅದೃಷ್ಟದ ಆಟವಾಗಿದ್ದರೆ ಅಲ್ಲಿ ಚೆಸ್ ಆಡುವವರಿಗೆ ಏನು ಕೆಲಸ? ಅದೃಷ್ಟ ಇದೆ, ಇಲ್ಲ ಅಂತಲ್ಲ, ಆದರೆ ಅದು ನಿಮ್ಮ ಯಜಮಾನರಿಗೂ ಅಷ್ಟೇ ಇತ್ತಲ್ವಾ.

ಪ್ರಶ್ನೆ: ನಮ್ಮ ಮಾವ ಹಳೇ ಕಾಲದ ಫುಟ್ಬಾಲ್ ಹುಚ್ಚರು. ಅವರ ಪ್ರಕಾರ ಟೀವಿಯಲ್ಲಿ ಅಸಿಸ್ಟ್ (ಗೋಲಿಗೆ ನೆರವು) ಅಂತ ಯಾರ ಹೆಸರು ತೋರಿಸುತ್ತಾರೋ ಅವನಿಗೇ ಅಸಿಸ್ಟ್. ಮೊನ್ನೆ ನನ್ನ ವಿಂಗರ್ ಹೊಡೆದ ಚೆಂಡನ್ನು ಕೀಪರ್ ತಡೆದ, ಅದು ಸಿಡಿದು ಬಂದಾಗ ಇನ್ನೊಬ್ಬ ತಳ್ಳಿ ಗೋಲ್ ಮಾಡಿದ. ಟೀವಿಯಲ್ಲಿ ಅಸಿಸ್ಟ್ ಇಲ್ಲ. ನನಗೆ ಮಾತ್ರ 3 ಪಾಯಿಂಟ್ ಬಂತು. ಮಾವ ‘ಇದು ಮೋಸದ ದುಡ್ಡು’ ಅನ್ನೋ ಹಾಗೆ ಮಾತಾಡುತ್ತಿದ್ದಾರೆ. ಅವರಿಗೆ ಮರ್ಯಾದೆ ಕೊಟ್ಟೇ ಹೇಗೆ ತಿಳಿಸಲಿ?
– ಅಳಿಯ, ಧಾರವಾಡ

ಉತ್ತರ: ಇಬ್ಬರೂ ಸರಿ. ಟೀವಿಯವರು ತೋರಿಸೋದು ಅಧಿಕೃತ ಅಂಕಿಅಂಶ, ಅದರಲ್ಲಿ ಪಾಸ್ ಕೊಟ್ಟವನಿಗೆ ಮಾತ್ರ ಹೆಸರು. ಫ್ಯಾಂಟಸಿಯಲ್ಲಿ ಅಸಿಸ್ಟ್‌ನ ಲೆಕ್ಕವೇ ಬೇರೆ, ಸ್ವಲ್ಪ ಧಾರಾಳ. ಹೊಡೆತವನ್ನು ಕೀಪರ್ ತಡೆದು, ಇಲ್ಲವೇ ಅದು ಕಂಬಕ್ಕೆ ಬಡಿದು ವಾಪಸ್ ಬಂದಾಗ ಜೊತೆಗಾರ ಗೋಲ್ ಹೊಡೆದರೆ ಮೊದಲು ಹೊಡೆದವನಿಗೆ ಅಸಿಸ್ಟ್. ಪೆನಾಲ್ಟಿ ಬಾಕ್ಸ್‌ನಲ್ಲಿ ಯಾರನ್ನು ಬೀಳಿಸಿದರೋ ಅವನಿಗೂ ಅಸಿಸ್ಟ್, ಆದರೆ ಪೆನಾಲ್ಟಿಯನ್ನು ಬೇರೆಯವನು ಹೊಡೆದು ಗೋಲ್ ಆಗಿರಬೇಕು. ತಾನೇ ಬಿದ್ದು ತಾನೇ ಎದ್ದು ತಾನೇ ಹೊಡೆದರೆ ಗೋಲಿನ ಪಾಯಿಂಟ್ ಅಷ್ಟೇ. ಎದುರಾಳಿಯ ಕಾಲಿಗೆ ಬಡಿಸಿ ಸ್ವಂತ ಗೋಲ್ ಮಾಡಿಸಿದವನಿಗೂ ಸಿಗಬಹುದು.

ಮಾವನವರಿಗೆ ಇಟಲಿಯ ಕಥೆ ಹೇಳಿ, ಖುಷಿಪಡುತ್ತಾರೆ. ಅಲ್ಲಿ ರಿಕಾರ್ಡೊ ಆಲ್ಬಿನಿ ಅನ್ನೋರು ಶುರು ಮಾಡಿದ ಫಾಂಟಾಕಾಲ್ಚೊ ಅಂತ ಒಂದು ಆಟ ಇದೆ, 1990ರಿಂದ ಊರೂರಿಗೆ ಹಬ್ಬಿದ್ದು. ಅದರಲ್ಲಿ ಅಂಕದ ಬುಡವೇ ಮರುದಿನದ ಪತ್ರಿಕೆ. ಮ್ಯಾಚ್ ನೋಡಿದ ವರದಿಗಾರ ಪ್ರತಿ ಆಟಗಾರನಿಗೂ ಹತ್ತಕ್ಕೆ ಇಷ್ಟು ಅಂತ ಮಾರ್ಕ್ಸ್ ಹಾಕುತ್ತಾನೆ. ಅದರ ಮೇಲೆ ಗೋಲಿಗೆ 3 ಸೇರಿಸು, ಅಸಿಸ್ಟ್‌ಗೆ 1 ಸೇರಿಸು, ಯೆಲ್ಲೋ ಕಾರ್ಡ್‌ಗೆ ಅರ್ಧ ಕಳೆ. ಅಂದರೆ ನಿಮ್ಮ ಡಿಫೆಂಡರ್‌ಗೆ ಐದೂವರೆಯೋ ಆರೋ ಅನ್ನೋದನ್ನು ಯಾವನೋ ವರದಿಗಾರ ಕಾಫಿ ಕುಡೀತಾ ನಿರ್ಧರಿಸಿರುತ್ತಾನೆ, ಇಡೀ ಗೆಳೆಯರ ಗುಂಪು ಅವನ ವಂಶ ಜಾಲಾಡುತ್ತದೆ. ಮಾವನವರು ಅಲ್ಲಿದ್ದಿದ್ದರೆ ಪತ್ರಿಕೆ ಆಫೀಸಿಗೇ ಫೋನ್ ಹೋಗುತ್ತಿತ್ತು. ಅದಕ್ಕೆ ಹೋಲಿಸಿದರೆ ಇಂಗ್ಲಿಷರ ಲೆಕ್ಕ ಎಷ್ಟೋ ವಾಸಿ. ಧಾರಾಳ ಇರಬಹುದು, ಬರೆದಿಟ್ಟದ್ದು ಎಲ್ಲರಿಗೂ ಒಂದೇ. ಮಾವನ ವಿಂಗರ್‌ಗೂ ಒಂದು ದಿನ ಹೀಗೇ 3 ಬರುತ್ತದೆ. ಆ ದಿನ ಅವರು ಟೀವಿ ಮಾತು ಎತ್ತುತ್ತಾರಾ ನೋಡಿ.

ಪ್ರಶ್ನೆ: ಸೀಸನ್ ಕೊನೆಗೆ ಇಬ್ಬರ ಪಾಯಿಂಟ್ ಸಮ ಆದರೆ ಗೆದ್ದವರು ಯಾರು?
– ಓದುಗ, ಹಾಸನ

ಉತ್ತರ: ಕಡಿಮೆ ಟ್ರಾನ್ಸ್‌ಫರ್ ಮಾಡಿದವರು. ಎಷ್ಟು ಆಟಗಾರರನ್ನಾದರೂ ಪುಕ್ಕಟೆ ಬದಲಾಯಿಸಲು ಬಿಡುವ ವೈಲ್ಡ್‌ಕಾರ್ಡ್, ಫ್ರೀ ಹಿಟ್ ಬಳಸಿ ಮಾಡಿದ ಬದಲಾವಣೆಗಳು ಈ ಲೆಕ್ಕಕ್ಕೆ ಇಲ್ಲ. ಇಬ್ಬಿಬ್ಬರು ಎದುರಾಗಿ ಸೋತವರು ಹೊರಹೋಗುವ ಕಪ್ ಮ್ಯಾಚ್ ಆದರೆ ಬೇರೆ: ಆ ವಾರ ಯಾರ ತಂಡ ಜಾಸ್ತಿ ಗೋಲ್ ಹೊಡೆದಿದೆ ನೋಡುತ್ತಾರೆ, ಅದೂ ಸಮ ಆದರೆ ಯಾರ ತಂಡ ಕಡಿಮೆ ಗೋಲ್ ಬಿಟ್ಟುಕೊಟ್ಟಿದೆ ನೋಡುತ್ತಾರೆ, ಅದೂ ಸಮ ಆದರೆ ಕಂಪ್ಯೂಟರ್ ಟಾಸ್ ಹಾಕುತ್ತದೆ.

ಪ್ರಶ್ನೆ: ಚಳಿಗಾಲ ಪೂರ್ತಿ ಶನಿವಾರ ಸಂಜೆ ನಾಲ್ಕೂವರೆಗೆ ಡೆಡ್‌ಲೈನ್ ಇರುತ್ತಿತ್ತು. ಊಟ ಮಾಡಿ ಒಂದು ನಿದ್ದೆ ತೆಗೆದು ಎದ್ದು ತಂಡ ಸರಿಮಾಡೋದು ನನ್ನ ಪದ್ಧತಿ. ಏಪ್ರಿಲ್‌ನ ಮೊದಲ ಸುತ್ತಿಗೆ ನಾಲ್ಕು ಗಂಟೆಗೆ ಕೂತರೆ ಬಾಗಿಲು ಮುಚ್ಚಿತ್ತು! ಗಾಯಾಳು ಒಬ್ಬ ನನ್ನ ಕ್ಯಾಪ್ಟನ್. ನಮ್ಮ ಲೀಗ್‌ನಲ್ಲಿ ನನ್ನ ತಮ್ಮನೂ ಇದ್ದಾನೆ, ಇರೋದು ಇಂಗ್ಲೆಂಡಿನಲ್ಲೇ. ಅವನಿಗೆ ಗಡಿಯಾರ ಬದಲಾದದ್ದು ಗೊತ್ತಿತ್ತು, ಬಾಯಿ ಬಿಡಲಿಲ್ಲ. ಇದು ಸರಿಯಾ?
– ಅಣ್ಣ, ಹುಬ್ಬಳ್ಳಿ

ಉತ್ತರ: ಸುತ್ತಿನ ಮೊದಲ ಮ್ಯಾಚ್ ಶುರುವಾಗುವ 90 ನಿಮಿಷ ಮುಂಚೆ ಬಾಗಿಲು ಹಾಕುತ್ತಾರೆ. ಶನಿವಾರದ ಮೊದಲ ಮ್ಯಾಚ್ ಅಲ್ಲಿಯ ಮಧ್ಯಾಹ್ನ 12:30ಕ್ಕೆ ಇದ್ದರೆ ಡೆಡ್‌ಲೈನ್ ಅಲ್ಲಿಯ 11 ಗಂಟೆ. ಅಲ್ಲಿಯವರು ಅಕ್ಟೋಬರ್ ಕೊನೆಯ ಭಾನುವಾರ ಗಡಿಯಾರ ಒಂದು ಗಂಟೆ ಹಿಂದಕ್ಕೆ, ಮಾರ್ಚ್ ಕೊನೆಯ ಭಾನುವಾರ ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ. ನಾವು ತಿರುಗಿಸಲ್ಲ. ಹಾಗಾಗಿ ಚಳಿಗಾಲದಲ್ಲಿ ನಮಗೆ ನಾಲ್ಕೂವರೆ, ಉಳಿದ ಕಾಲದಲ್ಲಿ ಮೂರೂವರೆ. ಅಕ್ಟೋಬರ್‌ನ ಬದಲಾವಣೆ ನಮಗೆ ಒಂದು ಗಂಟೆ ಕೊಡುತ್ತದೆ, ಅದಕ್ಕೇ ಯಾರೂ ಗಮನಿಸಲ್ಲ. ಮಾರ್ಚ್‌ನದ್ದು ಕಿತ್ತುಕೊಳ್ಳುತ್ತದೆ. ಶುಕ್ರವಾರ ರಾತ್ರಿ ಮ್ಯಾಚ್ ಇದ್ದರಂತೂ ಇನ್ನೂ ಫಜೀತಿ: ಅಲ್ಲಿ ಎಂಟಕ್ಕೆ ಆಟ ಅಂದರೆ ನಮ್ಮ ಡೆಡ್‌ಲೈನ್ ರಾತ್ರಿ 11, ಚಳಿಗಾಲದಲ್ಲಿ ಸರಿಯಾಗಿ 12. ಶನಿವಾರ ಬೆಳಿಗ್ಗೆ ಎದ್ದು ನೋಡೋಣ ಅಂದುಕೊಂಡವರೆಲ್ಲ ಹೋದರು ಅಂತಲೇ ಲೆಕ್ಕ.

ಇನ್ನು ನಿಮ್ಮ ತಮ್ಮ. ಬಾಯಿ ಬಿಡಲಿಲ್ಲ ಅಂತ ದೂರುತ್ತೀರಿ, ಯಾಕೆ ಬಿಡಬೇಕು? ಅವನು ನಿಮ್ಮ ಎದುರಾಳಿ. ಸುಳ್ಳು ಸಮಯ ಹೇಳಿದ್ದರೆ ನಾವೂ ನಿಮ್ಮ ಪರ ನಿಲ್ಲುತ್ತಿದ್ದೆವು. ಸುಮ್ಮನಿದ್ದದ್ದು ತಪ್ಪಲ್ಲ. ನಿಮ್ಮ ಫೋನ್‌ನಲ್ಲಿ ಒಂದು ಅಲಾರಂ ಇಟ್ಟುಕೊಳ್ಳಿ, ಮಧ್ಯಾಹ್ನ ಎರಡೂವರೆಗೆ. ನಿದ್ದೆ ಆಮೇಲೆ ಮಾಡಬಹುದು.

ಪ್ರಶ್ನೆ: ಆಫೀಸಿನಲ್ಲಿ ನನ್ನ ಪಕ್ಕದ ಸೀಟಿನವನು ನನ್ನ ತಂಡವನ್ನೇ ಕಾಪಿ ಹೊಡೆಯುತ್ತಾನೆ. 15ರಲ್ಲಿ 11 ಒಂದೇ. ಟೀ ಕುಡಿಯುವಾಗ ‘ಈ ವಾರ ಕ್ಯಾಪ್ಟನ್ ಯಾರು ಗುರು?’ ಅಂತ ಮೆಲ್ಲಗೆ ಕೇಳುತ್ತಾನೆ. ಸುಳ್ಳು ಹೇಳಬಹುದಾ?
– ಟೆಕ್ಕಿ, ವೈಟ್‌ಫೀಲ್ಡ್

ಉತ್ತರ: ಮೊದಲು ಕಾಪಿ ವಿಷಯ. ಡೆಡ್‌ಲೈನ್ ದಾಟುವ ತನಕ ನೀವು ಮಾಡಿದ ಬದಲಾವಣೆ ಯಾರಿಗೂ ಕಾಣಲ್ಲ, ಅವನಿಗೆ ಕಾಣೋದು ಹೋದ ವಾರದ ತಂಡ. ಜೊತೆಗೆ ಎಲ್ಲರಿಗೂ ಅದೇ 10 ಕೋಟಿ, ಯಾರನ್ನು ಶೇಕಡ ಎಷ್ಟು ಜನ ಇಟ್ಟುಕೊಂಡಿದ್ದಾರೆ ಅಂತ ಆಟದಲ್ಲೇ ಬರೆದಿರುತ್ತದೆ. ಹಾಗಾಗಿ ಜಗತ್ತಿನಲ್ಲಿ ಅರ್ಧಕ್ಕರ್ಧ ತಂಡಗಳು ಒಂದೇ ಥರ ಕಾಣುತ್ತವೆ. ನಿಮ್ಮ ಹನ್ನೊಂದರಲ್ಲಿ ಏಳೆಂಟು ಮಂದಿ ಅವನಿಗೆ ತಾನಾಗಿಯೇ ಹೊಳೆದಿರಬಹುದು. ಉಳಿದ ಮೂರ್ನಾಲ್ಕು ಮಂದಿಯ ಮೇಲೆ ಅನುಮಾನ ಪಡಿ.

ಸುಳ್ಳು ಹೇಳಬಹುದು. ಇದರಲ್ಲಿ ನಮಗೆ ಯಾವ ಅಳುಕೂ ಇಲ್ಲ. ಆದರೆ ನಿಮ್ಮ ತಂಡದ ಬಗ್ಗೆ ಮಾತ್ರ. ‘ಈ ಸಲ ಡಿಫೆಂಡರ್‌ನೇ ಕ್ಯಾಪ್ಟನ್ ಮಾಡಿಬಿಟ್ಟೆ ಗುರು’ ಅನ್ನಿ, ತೊಂದರೆ ಇಲ್ಲ. ‘ಅವನಿಗೆ ಟ್ರೈನಿಂಗ್‌ನಲ್ಲಿ ಮಂಡಿ ಹೋಯ್ತಂತೆ, ಕೋಚ್ ಹೇಳಿದ್ರು’ ಅಂತ ಇಲ್ಲದ ಸುದ್ದಿ ಹುಟ್ಟಿಸಬೇಡಿ. ಮೊದಲನೆಯದು ತಮಾಷೆ, ಎರಡನೆಯದು ಕಿತಾಪತಿ. ಅದು ಗ್ರೂಪಿನಿಂದ ಗ್ರೂಪಿಗೆ ಹೋಗಿ ಸಂಜೆ ಹೊತ್ತಿಗೆ ನಿಮ್ಮ ಅಣ್ಣನೇ ನಿಮಗೆ ಫಾರ್ವರ್ಡ್ ಮಾಡುತ್ತಾನೆ, ಅದು ಬೇರೆ ಮಾತು.

ಪ್ರಶ್ನೆ: ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಬೆಂಚಿನ ಮೊದಲ ಜಾಗದಲ್ಲಿದ್ದ ಮಿಡ್‌ಫೀಲ್ಡರ್ 12 ಪಾಯಿಂಟ್ ತಂದಿದ್ದ. ನನ್ನ ಒಬ್ಬ ಡಿಫೆಂಡರ್ ಆಡಲಿಲ್ಲ. ಕಂಪ್ಯೂಟರ್ ಈ 12ರವನನ್ನು ದಾಟಿ ಎರಡನೇ ಜಾಗದ ಡಿಫೆಂಡರ್‌ನ ಕರೆದುಕೊಂಡಿತು. ಅವನದು 1. ಇದು ಕಂಪ್ಯೂಟರ್ ತಪ್ಪಲ್ವಾ? ಲೀಗ್‌ನವರು ನನಗೆ 11 ಪಾಯಿಂಟ್ ಕೊಡಬೇಕಲ್ವಾ?
– ಕಾಲೇಜು ಹುಡುಗ, ಮಣಿಪಾಲ

ಉತ್ತರ: ಅಲ್ಲ, ಕೊಡಬೇಕಿಲ್ಲ. ನೀವು ಇಳಿಸಿದ್ದು ಮೂವರೇ ಡಿಫೆಂಡರ್‌ಗಳನ್ನು ಇರಬೇಕು. ಹನ್ನೊಂದರಲ್ಲಿ ಕನಿಷ್ಠ 3 ಡಿಫೆಂಡರ್, 1 ಫಾರ್ವರ್ಡ್ ಇರಲೇಬೇಕು ಅಂತ ನಿಯಮ. ಮೂವರಲ್ಲಿ ಒಬ್ಬ ಹೋದರೆ ಉಳಿದದ್ದು ಇಬ್ಬರು, ಆ ಜಾಗಕ್ಕೆ ಡಿಫೆಂಡರ್ ಬಿಟ್ಟು ಬೇರೆಯವನು ಬರುವಂತಿಲ್ಲ. ನಾಲ್ವರನ್ನು ಇಳಿಸಿದ್ದರೆ ಮಿಡ್‌ಫೀಲ್ಡರ್ ಬರುತ್ತಿದ್ದ, 12ನ್ನೂ ತರುತ್ತಿದ್ದ. ಗೋಲ್‌ಕೀಪರ್ ಜಾಗಕ್ಕೆ ಗೋಲ್‌ಕೀಪರ್ ಮಾತ್ರ, ಇದು ಗೊತ್ತಿರುತ್ತದೆ. 3-4-3 ಆಡುವವರು, ಅಂದರೆ ಮೂವರೇ ಡಿಫೆಂಡರ್ ಇಳಿಸುವವರು, ಬೆಂಚಿನಲ್ಲಿ ಮುಂದಿನ ವಾರ ಖಂಡಿತ ಆಡುವ ಒಬ್ಬ ಡಿಫೆಂಡರ್‌ನ ಇಟ್ಟುಕೊಳ್ಳಿ. ಅಗ್ಗದವನಾದರೂ ಸಾಕು.

ಪ್ರಶ್ನೆ: ಒಳ್ಳೇ ಸಮಯಕ್ಕೆ ಬೇಕಾಗುತ್ತದೆ ಅಂತ ಟ್ರಿಪಲ್ ಕ್ಯಾಪ್ಟನ್ (ಒಂದು ವಾರ ಕ್ಯಾಪ್ಟನ್‌ನ ಪಾಯಿಂಟ್ ಮೂರರಷ್ಟು ಮಾಡುವ ಚಿಪ್) ಎತ್ತಿಟ್ಟಿದ್ದೆ. ಹೊಸ ವರ್ಷದ ಹೊತ್ತಿಗೆ ಮಾಯ! ಯಾರ ಹತ್ತಿರ ದೂರು ಕೊಡಲಿ?
– ಜಿಪುಣ, ತುಮಕೂರು

ಉತ್ತರ: ಯಾರ ಹತ್ತಿರವೂ ಇಲ್ಲ. 2025-26ರಲ್ಲಿ ಇಂಥ ಪ್ರತಿ ಚಿಪ್ಪನ್ನೂ, ಅಂದರೆ ವಿಶೇಷ ಸವಲತ್ತನ್ನೂ, ಎರಡೆರಡು ಕೊಟ್ಟರು. ಮೊದಲ ಕಂತನ್ನು 19ನೇ ಗೇಮ್‌ವೀಕ್‌ನ (ಸುತ್ತಿನ) ಡೆಡ್‌ಲೈನ್ ಒಳಗೆ ಬಳಸಬೇಕಿತ್ತು, ಇಲ್ಲದಿದ್ದರೆ ಹೋಯಿತು. ಎರಡನೆಯದಾದರೂ ಖರ್ಚು ಮಾಡಿ.

ಪ್ರಶ್ನೆ: ಹನ್ನೆರಡು ಜನ ಸೇರಿ ತಲೆಗೆ ₹500 ಹಾಕಿ ಗೆದ್ದವನಿಗೆ ಕೊಡೋಣ ಅಂತ ಮಾತಾಗಿದೆ. ಒಬ್ಬ ಮಾತ್ರ ‘ಇದು ಈಗ ಕಾನೂನುಬಾಹಿರ’ ಅಂತಿದ್ದಾನೆ. ಅವನು ಯಾವಾಗಲೂ ದುಡ್ಡು ಕೊಡದೇ ತಪ್ಪಿಸಿಕೊಳ್ಳುವ ಆಸಾಮಿ. ಈ ಸಲ ಅವನ ಮಾತಿನಲ್ಲಿ ಹುರುಳಿದೆಯಾ?
– ಖಜಾಂಚಿ, ಬಳ್ಳಾರಿ

ಉತ್ತರ: ಪೂರ್ತಿ ತಳ್ಳಿಹಾಕೋ ಹಾಗಿಲ್ಲ. 2021ರಲ್ಲಿ ನಮ್ಮ ರಾಜ್ಯ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಅದನ್ನು ರದ್ದು ಮಾಡಿತು. 2025ರ ಆಗಸ್ಟ್‌ನಲ್ಲಿ ಸಂಸತ್ತೇ ದೇಶಕ್ಕೆಲ್ಲ ಕಾಯ್ದೆ ತಂದಿತು, ಫ್ಯಾಂಟಸಿ ಆ್ಯಪ್‌ಗಳು ಹಣ ಕಟ್ಟಿಸಿಕೊಳ್ಳುವ ಸ್ಪರ್ಧೆಗಳನ್ನು ನಿಲ್ಲಿಸಿದವು. ಇಂಗ್ಲೆಂಡಿನ ಈ ಆಟದಲ್ಲಿ ಪ್ರವೇಶ ಶುಲ್ಕವೇ ಇಲ್ಲ, ಆದ್ದರಿಂದ ಆಟಕ್ಕೆ ತೊಂದರೆ ಇಲ್ಲ. ನಿಮ್ಮ ನಿಮ್ಮೊಳಗಿನ ಪಂಥದ ದುಡ್ಡಿನ ಮಾತು ವಕೀಲರನ್ನು ಕೇಳುವಂಥದ್ದು.

ಕಾನೂನು ಪಕ್ಕಕ್ಕಿಟ್ಟು ಹೇಳುತ್ತೇವೆ: ದುಡ್ಡು ಬೇಡ. ಆಗಸ್ಟ್‌ನಲ್ಲಿ ಒಪ್ಪಿಕೊಂಡ 500 ರೂಪಾಯಿ ಮೇ ಹೊತ್ತಿಗೆ ವಸೂಲಾಗಲ್ಲ. ಡಿಸೆಂಬರ್‌ನಲ್ಲೇ ಕೊನೆಗೆ ಬಿದ್ದವನು ‘ನಾನು ಆಡೋದೇ ಬಿಟ್ಟೆನಲ್ಲ, ಯಾಕೆ ಕೊಡಲಿ’ ಅನ್ನುತ್ತಾನೆ. ಖಜಾಂಚಿಯಾದ ನೀವು ಎಲ್ಲರ ಕಣ್ಣಲ್ಲೂ ಸಾಲಗಾರರ ಹಿಂದೆ ಬಿದ್ದ ಮನುಷ್ಯ ಆಗುತ್ತೀರಿ. ಕೊನೆಯ ಮೂವರು ಸೇರಿ ಎಲ್ಲರಿಗೂ ಊಟ ಹಾಕಿಸಲಿ. ಊಟ ಅಂದರೆ ತಪ್ಪಿಸಿಕೊಳ್ಳೋ ಆಸಾಮಿಯೂ ಬರುತ್ತಾನೆ. ಅವನೇ ಕೊನೆಯ ಮೂವರಲ್ಲಿ ಇದ್ದರೆ ಹೋಟೆಲ್ಲಿನ ಬಾಗಿಲಲ್ಲಿ ಹಿಡಿದುಕೊಳ್ಳಿ.

ಪ್ರಶ್ನೆ: ನಮ್ಮದು ಹೆಡ್-ಟು-ಹೆಡ್ ಲೀಗ್. ವಾರಕ್ಕೊಬ್ಬರ ಮೇಲೆ ಆಟ, ಗೆದ್ದರೆ 3, ಡ್ರಾ ಆದರೆ 1. ಒಬ್ಬರು ಅಕ್ಟೋಬರ್‌ನಿಂದ ತಂಡದ ಕಡೆ ತಿರುಗಿ ನೋಡಿಲ್ಲ. ನಾನು ಅವರ ಮೇಲೆ ಸೆಪ್ಟೆಂಬರ್‌ನಲ್ಲಿ ಆಡಿ ಸೋತೆ. ಈಗ ಬಾಕಿಯವರೆಲ್ಲ ಪುಕ್ಕಟೆ 3 ಪಾಯಿಂಟ್ ಬಾಚಿಕೊಳ್ಳುತ್ತಿದ್ದಾರೆ. ಅವರ ಮ್ಯಾಚ್‌ಗಳನ್ನೆಲ್ಲ ರದ್ದು ಮಾಡಿ ಅಂದರೆ ಕೇಳಲ್ಲ.
– ಉಪನ್ಯಾಸಕಿ, ಉಡುಪಿ

ಉತ್ತರ: ಹೆಡ್-ಟು-ಹೆಡ್‌ನ ದೊಡ್ಡ ರೋಗ ಇದೇ. ಸಾಮಾನ್ಯ ಲೀಗ್‌ನಲ್ಲಿ ಯಾರು ಬಿಟ್ಟುಹೋದರೂ ನಷ್ಟ ಅವರಿಗೆ ಮಾತ್ರ. ಇಲ್ಲಿ ಬಿಟ್ಟುಹೋದವರು ಉಳಿದವರ ಹಣೆಬರಹ ಬದಲಾಯಿಸುತ್ತಾರೆ. ಆದರೂ ಅರ್ಧದಾರಿಯಲ್ಲಿ ರದ್ದು ಮಾಡೋದನ್ನು ನಾವು ಒಪ್ಪಲ್ಲ. ನೀವು ಸೋತಾಗ ಅವರ ತಂಡಕ್ಕೆ ಜೀವ ಇತ್ತು, ನೀವು ನಿಜವಾಗಿಯೇ ಸೋತಿರಿ. ಮೇಲಾಗಿ ಅನಾಥ ತಂಡ ಅಂತ ಹಗುರವಾಗಿ ಕಾಣಬೇಡಿ. ಹಳೇ ಹನ್ನೊಂದು ಮಂದಿಯನ್ನೇ ಕಂಪ್ಯೂಟರ್ ಪ್ರತಿ ವಾರ ಇಳಿಸುತ್ತಿರುತ್ತದೆ, ಅವರಲ್ಲಿ ಇಬ್ಬರು ಗೋಲ್ ಹೊಡೆದ ವಾರ ನಿಮ್ಮ ಎದುರಾಳಿಗಳಲ್ಲಿ ಒಬ್ಬರು ಅದರ ಕೈಲಿ ಸೋಲುತ್ತಾರೆ. ಅದಕ್ಕಿಂತ ದೊಡ್ಡ ಅವಮಾನ ಈ ಆಟದಲ್ಲಿ ಇಲ್ಲ, ಆ ವಾರಕ್ಕೆ ಕಾಯಿರಿ.

ಮುಂದಿನ ಸೀಸನ್‌ಗೆ ಅವರನ್ನು ಕರೆಯಬೇಡಿ. ಸಂಖ್ಯೆ ಬೆಸವಾದರೂ ಚಿಂತೆ ಇಲ್ಲ. ಖಾಲಿ ಜಾಗಕ್ಕೆ ‘ಆ್ಯವರೇಜ್’ ಅಂತ ಒಂದು ತಂಡ ಬರುತ್ತದೆ, ಆ ವಾರದ ಸರಾಸರಿ ಅಂಕವೇ ಅದರ ಅಂಕ. ಅದಂತೂ ಒಂದು ವಾರವೂ ತಪ್ಪಿಸಲ್ಲ.

ಪ್ರಶ್ನೆ: ನಾನು ಒಂದು ಕಾಲದಲ್ಲಿ ಸ್ಟಾಪರ್ ಬ್ಯಾಕ್ ಆಡಿದವನು. ಮಕ್ಕಳ ಆಟ ಅಂತ ನಗುತ್ತಿದ್ದೆ. ಈಗ ಚೆಂಡು ಒದ್ದು ಹೊರಗೆ ಹಾಕಿದವನಿಗೂ ಪಾಯಿಂಟ್ ಕೊಡುತ್ತಾರೆ ಅಂತ ಮೊಮ್ಮಗ ಹೇಳಿದ. ಹೌದಾ?
– ನಿವೃತ್ತರು, ಮಂಗಳೂರು

ಉತ್ತರ: ಹೌದು ಸರ್, 2025-26ರಿಂದ. ಟ್ಯಾಕಲ್, ಬ್ಲಾಕ್, ಇಂಟರ್‌ಸೆಪ್ಷನ್, ಕ್ಲಿಯರೆನ್ಸ್ ಎಲ್ಲ ಸೇರಿ ಡಿಫೆಂಡರ್ ಒಂದು ಮ್ಯಾಚ್‌ನಲ್ಲಿ 10 ಮುಟ್ಟಿದರೆ 2 ಪಾಯಿಂಟ್. ಮಿಡ್‌ಫೀಲ್ಡರ್, ಫಾರ್ವರ್ಡ್‌ಗಳು 12 ಮುಟ್ಟಬೇಕು, ಅವರಿಗೆ ಚೆಂಡು ವಾಪಸ್ ಗಳಿಸಿದ್ದೂ ಲೆಕ್ಕಕ್ಕಿದೆ. ಒಂಬತ್ತಕ್ಕೆ ನಿಂತ ಡಿಫೆಂಡರ್‌ಗೆ ಸೊನ್ನೆ, ಅದರ ಮೇಲೂ ಈಗಾಗಲೇ ಜಗಳ ಶುರುವಾಗಿದೆ. ಮೊಮ್ಮಗನ ಲೀಗ್ ಸೇರಿಕೊಳ್ಳಿ.

ಪ್ರಶ್ನೆ: ನಮ್ಮದು ಡ್ರಾಫ್ಟ್ ಲೀಗ್. ಒಬ್ಬ ಆಟಗಾರ ಒಬ್ಬರ ಹತ್ತಿರ ಮಾತ್ರ ಇರಬಹುದು, ಸರದಿ ಪ್ರಕಾರ ಆರಿಸಿಕೊಳ್ಳೋದು. ಎಂಟು ಜನ ಇದ್ದೇವೆ. ಕೊನೆಯ ಸ್ಥಾನದಲ್ಲಿ ಇರೋನ ಹತ್ತಿರ ಎರ್ಲಿಂಗ್ ಹಾಲಂಡ್ ಇದ್ದ. ಎರಡನೇ ಸ್ಥಾನದಲ್ಲಿ ಇರೋನು ಅವನ ರೂಮ್‌ಮೇಟ್. ಸೀಸನ್ ಮುಗಿಯಲು ಐದು ವಾರ ಇರುವಾಗ ಹಾಲಂಡ್‌ನ ಕೊಟ್ಟು, ಬೆಂಚು ಬಿಟ್ಟು ಏಳದ ಒಬ್ಬ ಫಾರ್ವರ್ಡ್‌ನ ತಗೊಂಡ! ಮೊದಲನೇ ಸ್ಥಾನದಲ್ಲಿ ಇರೋದು ನಾನು. ಇದನ್ನು ತಡೆಯೋ ಹಕ್ಕು ನಮಗೆ ಇದೆಯಾ? ಅವರು ‘ನಮ್ಮ ಆಟಗಾರ, ನಮ್ಮ ಇಷ್ಟ’ ಅಂತಾರೆ.
– ಅಡ್ಮಿನ್ ಕೂಡ ನಾನೇ, ಬೆಳಗಾವಿ

ಉತ್ತರ: ನಿಮ್ಮ ಸಹಿ ನೋಡಿ ನಮಗೆ ನಿಮ್ಮ ಕಷ್ಟ ಅರ್ಥವಾಯಿತು. ತಡೆದರೆ ಸ್ವಾರ್ಥ ಅಂತಾರೆ, ತಡೆಯದಿದ್ದರೆ ಕಪ್ ಹೋಗುತ್ತದೆ.

ಈ ಜಗಳ ಹೊಸದಲ್ಲ. ಅಮೆರಿಕದವರು 1963ರಲ್ಲಿ ಓಕ್ಲೆಂಡ್‌ನಲ್ಲಿ ತಮ್ಮ ಫುಟ್ಬಾಲ್‌ಗೆ ಮೊದಲ ಫ್ಯಾಂಟಸಿ ಲೀಗ್ ಕಟ್ಟಿದರು, ಅದೂ ಡ್ರಾಫ್ಟ್ ಮಾದರಿಯದೇ. ಆಟಗಾರರ ವಿನಿಮಯವನ್ನು ತಡೆಯಬಹುದೋ ಇಲ್ಲವೋ ಅಂತ ಅಲ್ಲಿಯವರು ಇವತ್ತಿಗೂ ಕಿತ್ತಾಡುತ್ತಾರೆ. ನಮ್ಮ ಅಭಿಪ್ರಾಯ ಇಷ್ಟು. ದಡ್ಡತನದ ವಿನಿಮಯವನ್ನು ತಡೆಯಬಾರದು. ಒಬ್ಬ ತನ್ನ ಒಳ್ಳೇ ಆಟಗಾರನನ್ನು ಫಾರ್ಮ್ ಹೋಯಿತು ಅಂತ ತಪ್ಪು ತಿಳಿದು ಕೊಟ್ಟರೆ ಅದು ಅವನ ಹಣೆಬರಹ, ಎದುರಿನವನ ಜಾಣತನ. ತಡೆಯಬೇಕಾದ್ದು ಒಳಸಂಚು. ಅದನ್ನು ಗುರುತಿಸಲು ಒಂದೇ ಪ್ರಶ್ನೆ ಸಾಕು: ಈ ವಿನಿಮಯದಿಂದ ನಿನ್ನ ತಂಡಕ್ಕೆ ಏನು ಲಾಭ? ಕೊನೇ ಸ್ಥಾನದವನು ಇದಕ್ಕೆ ನಂಬುವಂಥ ಒಂದು ಉತ್ತರ ಕೊಡಲಿ. ‘ನನ್ನ ಫಾರ್ವರ್ಡ್ ಬೆಂಚಿನಲ್ಲಿದ್ದಾನೆ, ಆದರೆ ಮುಂದಿನ ಐದು ಮ್ಯಾಚ್ ಸುಲಭ’ ಅಂತ ಏನಾದರೊಂದು. 2022-23ರಲ್ಲಿ 36 ಗೋಲ್ ಹೊಡೆದು ಲೀಗಿನ ದಾಖಲೆ ಮುರಿದವನನ್ನು ಕೊಟ್ಟು ಬೆಂಚಿನವನನ್ನು ತಂದದ್ದಕ್ಕೆ ‘ನಾನು ಹೇಗೂ ಗೆಲ್ಲೋದಿಲ್ಲ, ರೂಮ್‌ಮೇಟ್ ಆದರೂ ಗೆಲ್ಲಲಿ’ ಅನ್ನೋದೇ ಉತ್ತರವಾದರೆ ಅದು ಒಳಸಂಚೇ. ಅವನ ಆಟಗಾರ ಅವನ ಇಷ್ಟ ನಿಜ, ಆದರೆ ಆರು ಜನ ಇನ್ನೂ ಆಡುತ್ತಿದ್ದಾರೆ.

ಈಗ ತೀರ್ಪು ಯಾರು ಕೊಡಬೇಕು? ನೀವಂತೂ ಅಲ್ಲ. ಅಡ್ಮಿನ್ ಆಗಿದ್ದರೂ ಇದರಲ್ಲಿ ನೀವು ಕಕ್ಷಿದಾರರು. ನೀವು ಮತ್ತು ಆ ಇಬ್ಬರನ್ನು ಬಿಟ್ಟು ಉಳಿದ ಐವರು ಮತ ಹಾಕಲಿ, ಮೂವರು ಬೇಡ ಅಂದರೆ ವಿನಿಮಯ ವಾಪಸ್. ಅವರು ಬೇಕು ಅಂದರೆ ನೀವು ಬಾಯಿ ಮುಚ್ಚಿಕೊಂಡು ಐದು ವಾರ ಹಾಲಂಡ್ ಎದುರು ಆಡಬೇಕು. ಮುಂದಿನ ವರ್ಷ ಡ್ರಾಫ್ಟ್‌ಗೆ ಕೂರುವ ಮುಂಚೆಯೇ ವಿನಿಮಯಕ್ಕೆ ಒಂದು ಕೊನೆಯ ದಿನ ಇಟ್ಟುಬಿಡಿ, ಫೆಬ್ರವರಿ ದಾಟಿದ ಮೇಲೆ ಯಾರೂ ಯಾರಿಗೂ ಯಾರನ್ನೂ ಕೊಡುವಂತಿಲ್ಲ ಅಂತ. ಕೆಳಗೆ ಬಿದ್ದವರಿಗೆ ಆಸೆ ಇನ್ನೂ ಉಳಿದಿರುವ ಹೊತ್ತಿನಲ್ಲಿ ಇಂಥ ಔದಾರ್ಯ ಬರಲ್ಲ.

ಪ್ರಶ್ನೆ: ಕೊನೆಯ ಸ್ಥಾನಕ್ಕೆ ಶಿಕ್ಷೆ ಏನಿಡೋಣ? ತಲೆ ಬೋಳಿಸೋದು ಅಂತ ಒಬ್ಬ ಹೇಳಿದ, ಅವನಿಗೆ ಈಗಾಗಲೇ ಕೂದಲಿಲ್ಲ.
– ಗೆಳೆಯರ ಬಳಗ, ಚಿಕ್ಕಮಗಳೂರು

ಉತ್ತರ: ಮುಂದಿನ ಸೀಸನ್‌ಗೆ ಅವನ ತಂಡದ ಹೆಸರನ್ನು ಗೆದ್ದವನು ಇಡಲಿ, ಮೇ ತಿಂಗಳ ತನಕ ಬದಲಾಯಿಸುವಂತಿಲ್ಲ. ಖರ್ಚಿಲ್ಲ, ನೋವಿಲ್ಲ, ಪ್ರತಿ ವಾರ ಅಂಕಪಟ್ಟಿ ತೆರೆದಾಗಲೆಲ್ಲ ಎಲ್ಲರಿಗೂ ಕಾಣುತ್ತದೆ. ಹೆಸರು ಪೋಲಿ ಆಗದಿರಲಿ. ಅವನು ಆಫೀಸಿನ ಲೀಗ್‌ನಲ್ಲೂ ಅದೇ ತಂಡ ಇಟ್ಟುಕೊಂಡಿರುತ್ತಾನೆ, ಮ್ಯಾನೇಜರೂ ಓದುತ್ತಾರೆ.